‘ಚೆನ್ನಾಗಿದೆ’ ಅಂದರೆ ಸಾಲದು, ಬಳಸಿ ತೋರಿಸಲಿ

ಪ್ರಶ್ನೆ: ಚೊಚ್ಚಲ ಬಸುರಿಯರಿಗಾಗಿ ಕನ್ನಡದಲ್ಲಿ ವೆಬ್‌ಸೈಟ್ ಮಾಡಿದ್ದೇವೆ. ನಮ್ಮ ಕನ್ನಡ ಸಂಘದ ಕೆಲವು ಗರ್ಭಿಣಿಯರಿಗೆ ತೋರಿಸಿದೆವು. ಎಲ್ಲರೂ ‘ಚೆನ್ನಾಗಿದೆ’ ಅಂದರು. ಆಮೇಲೆ ಯಾರೂ ತೆರೆದು ನೋಡಿಲ್ಲ. ಯಾಕೆ? – ಡೊಂಬಿವಲಿ

ಉತ್ತರ: ಮತ್ತೆ ಇದೇ ಪ್ರಶ್ನೆ! ಸಂಘದ ಹಿರಿಯರ ಮುಂದೆ ಕೂರಿಸಿ ‘ಹೇಗಿದೆಯಮ್ಮಾ?’ ಅಂದರೆ ಬೇರೇನು ಹೇಳ್ತಾರೆ? ಮರ್ಯಾದೆಗೆ ಅಂದ ಮಾತು ಅದು. ಅಭಿಪ್ರಾಯ ಕೇಳಬೇಡಿ, ಕೆಲಸ ಕೊಡಿ. ಫೋನು ಅವರದೇ ಇರಲಿ. ಪಕ್ಕದಲ್ಲಿ ಅತ್ತೆ, ಗಂಡ ಬೇಡ. ನೀವು ಬಾಯಿ ಮುಚ್ಚಿಕೊಂಡು ನೋಡಿ.

ಠಾಣೆಯಲ್ಲಿ ಒಂದು ಸೈಟ್ ಪರೀಕ್ಷಿಸುವಾಗ ನಾನು ಕೊಟ್ಟ ಕೆಲಸ ಇಷ್ಟೇ: ‘ರಾತ್ರಿ 11 ಗಂಟೆ. ನಿಮ್ಮ ಬಸುರಿ ಗೆಳತಿಗೆ ರಕ್ತ ಕಾಣಿಸಿಕೊಂಡಿದೆ. ಏನು ಮಾಡಬೇಕು ಅಂತ ಇದರಲ್ಲಿ ಹುಡುಕಿ.’ ಆ ಹುಡುಗಿ ಹೆಬ್ಬೆರಳಿನಲ್ಲಿ ತಳ್ಳುತ್ತಾ ಹೋದಳು. ತೊಟ್ಟಿಲಿನ ಜಾಹೀರಾತು, ಮಕ್ಕಳ ಹೆಸರುಗಳು, ಮೆಂತ್ಯದ ಲಾಡು. ಕಟ್ಟಕಡೆಗೆ ಆಸ್ಪತ್ರೆಯ ನಂಬರ್ ಸಿಕ್ಕಿತು. ಒತ್ತಿದಳು. ಮತ್ತೆ ಒತ್ತಿದಳು. ಕರೆ ಹೋಗಲೇ ಇಲ್ಲ. ನಂಬರನ್ನು ಚಿತ್ರದೊಳಗೆ ಬರೆದಿದ್ದರು! ಅವಳು ಬರೆದುಕೊಳ್ಳೋಕೆ ಪೆನ್ನು ಹುಡುಕತೊಡಗಿದಳು. ಇದು ‘ಹೇಗಿದೆ?’ ಅಂತ ಕೇಳಿದರೆ ಗೊತ್ತಾಗುತ್ತಾ?

ರಕ್ತಸ್ರಾವ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮಗುವಿನ ಮಿಸುಕಾಟ ಕಮ್ಮಿಯಾಗುವುದು: ಇವಕ್ಕೆ ‘ತಕ್ಷಣ ಆಸ್ಪತ್ರೆಗೆ ಹೋಗಿ’ ಅನ್ನುವುದು ಪ್ರತಿ ಪುಟದ ತಲೆಯಲ್ಲೇ ಇರಲಿ. ಒತ್ತಿದರೆ 108ಕ್ಕೆ ಕರೆ ಹೋಗಲಿ.

‘ಗೆಳತಿಗೆ’ ಅಂದದ್ದು ಬೇಕಂತಲೇ. ಬಸುರಿಯನ್ನು ಕೂರಿಸಿಕೊಂಡು ‘ನಿಮಗೇ ರಕ್ತ ಹೋಗ್ತಿದೆ ಅಂದುಕೊಳ್ಳಿ’ ಅಂತ ಸುಮ್ನೆ ಹೆದರಿಸಬೇಡಿ. ನಡುವೆ ಅವರು ‘ನನಗೂ ಹಾಗೇ ಆಗ್ತಿದೆ’ ಅಂದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ, ಅವರ ಡಾಕ್ಟರಿಗೆ ಫೋನ್ ಮಾಡಿಸಿ. ನೀವು ಸಲಹೆ ಕೊಡೋಕೆ ಹೋಗಬೇಡಿ.

ಹೆರಿಗೆ ದಿನದ ಲೆಕ್ಕವನ್ನೂ ಅವರ ಕೈಯಲ್ಲೇ ಮಾಡಿಸಿ. 280 ದಿನ ಎಣಿಸುವುದು ಕೊನೆಯ ಸಲ ಮುಟ್ಟು ಶುರುವಾದ ದಿನದಿಂದ. ಮುಟ್ಟು ನಿಂತ ದಿನ ಹಾಕುವವರಿದ್ದಾರೆ. 05/03 ಅಂದರೆ ಮಾರ್ಚೋ ಮೇಯೋ ಅಂತ ತಡವರಿಸುವವರೂ ಇದ್ದಾರೆ. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. ಇಲ್ಲಿನ ಡಾಕ್ಟರು 22 ವಾರ ಅಂತಾರೆ, ಉಡುಪಿಯಿಂದ ಅಮ್ಮ ಫೋನಲ್ಲಿ ‘ಐದು ತುಂಬಿ ಆರಕ್ಕೆ ಬಿತ್ತು’ ಅಂತಾರೆ. ಎರಡೂ ಲೆಕ್ಕ ತೋರಿಸಿ.

ಅಂದಹಾಗೆ, ಬೇಗ ಕರೆಯಿರಿ. ಏಳರಲ್ಲಿ ತವರಿಗೆ ಹೊರಟುಬಿಡ್ತಾರೆ.

ಪ್ರಶ್ನೆ: ಐದು ಜನ ಸಾಕಾ? – ಪುಣೆ

ಉತ್ತರ: ಒಂದು ಸುತ್ತಿನ ಪರೀಕ್ಷೆಗೆ ಸಾಕು. ವೆಬ್‌ಸೈಟ್ ಬಳಕೆಯ ಪರೀಕ್ಷೆಗೆ ಹೆಸರಾದ ಜೇಕಬ್ ನೀಲ್ಸನ್ 2000ದಲ್ಲೇ ಹೇಳಿದ್ದು. ತಿದ್ದಿ, ಮತ್ತೆ ಐದು ಜನರನ್ನು ಕರೆಯಿರಿ. ಐವರೂ ನಿಮ್ಮ ಐಟಿ ಆಫೀಸಿನವರೇ ಆದರೆ ಲೆಕ್ಕಕ್ಕಿಲ್ಲ.

ಪ್ರಶ್ನೆ: ಡಾಕ್ಟರೇ ಓದಿ ಒಪ್ಪಿದ್ದಾರೆ. ಮತ್ತೆ ಪರೀಕ್ಷೆ ಯಾಕೆ? – ಮಾಟುಂಗ

ಉತ್ತರ: ಬರೆದದ್ದು ಸರಿಯೇ ಅಂತ ಡಾಕ್ಟರು ನೋಡ್ತಾರೆ. ಅದು ಬಸುರಿಯ ಕಣ್ಣಿಗೆ ಬೀಳುತ್ತಾ ಅಂತ ನೋಡಿದವರು ಯಾರು?

ಪ್ರಶ್ನೆ: ಹೊಟ್ಟೆಯ ಆಕಾರ ನೋಡಿ ಗಂಡೋ ಹೆಣ್ಣೋ ಹೇಳುವ ಕ್ವಿಜ್ ಹಾಕಿದರೆ ಜನ ಜಾಸ್ತಿ ಬರ್ತಾರಲ್ವಾ? – ಮಡಗಾಂವ್

ಉತ್ತರ: ಶುದ್ಧ ಬೊಗಳೆ. ಭ್ರೂಣದ ಲಿಂಗ ಪತ್ತೆಯನ್ನು, ಅದರ ಜಾಹೀರಾತನ್ನು 1994ರ ಕಾನೂನು ನಿಷೇಧಿಸಿದೆ. ಆ ಯೋಚನೆ ಇವತ್ತೇ ಬಿಡಿ. ಕೇಸರಿ ಹಾಲು ಕುಡಿದರೆ ಬೆಳ್ಳಗಿನ ಮಗು ಅನ್ನೋದೇನಾದರೂ ಸೈಟಿನಲ್ಲಿ ಇದ್ದರೆ ಅದನ್ನೂ ತೆಗೆಯಿರಿ.