ತೆರೆ ಮಾತು: ಹಾಸನ, ಚಿಕ್ಕಮಗಳೂರು ಓದುಗರ ಸಿನಿಮಾ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಸನ, ಚಿಕ್ಕಮಗಳೂರು ಜಿಲ್ಲೆಗಳವು. ಯಾವ ನಿರ್ದೇಶಕರು ಇಷ್ಟ, ಮುಂದೆ ಬರುವ ಯಾವ ಸಿನಿಮಾಕ್ಕೆ ಕಾಯಬಹುದು ಎಂಬುದೇ ಎಲ್ಲರ ಕೇಳಿಕೆ. ಟೀಸರ್ ನೋಡಿ ಕಾಯುವುದಕ್ಕಿಂತ ಆ ನಿರ್ದೇಶಕರ ಹಿಂದಿನ ಕೆಲಸ ನೋಡಿಕೊಂಡು ಕಾಯಬೇಕು ಎನ್ನುವುದು ನಮ್ಮ ನಿಲುವು. ಉತ್ತರಗಳೂ ಆ ದಾರಿಯಲ್ಲೇ ಇವೆ.

ಪ್ರಶ್ನೆ: ನಮ್ಮೂರಲ್ಲಿದ್ದು ಬರೆದ ತೇಜಸ್ವಿಯವರ ಕತೆಗಳನ್ನು ಹಲವರು ಸಿನಿಮಾ ಮಾಡಿದ್ದಾರೆ. ಯಾರ ಕೆಲಸ ಮೇಲು? ಯಾವುದರಿಂದ ಶುರು ಮಾಡಲಿ?
– ಓದುಗರು, ಮೂಡಿಗೆರೆ

ಮುಖ್ಯವಾಗಿ ಐದು ಸಿನಿಮಾಗಳಿವೆ. ಎನ್. ಲಕ್ಷ್ಮೀನಾರಾಯಣ್ ಅವರ ‘ಅಬಚೂರಿನ ಪೋಸ್ಟಾಫೀಸು’ (1973), ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ (1986), ಸದಾನಂದ ಸುವರ್ಣರ ‘ಕುಬಿ ಮತ್ತು ಇಯಾಲ’ (1992), ಸುಮನಾ ಕಿತ್ತೂರು ಅವರ ‘ಕಿರಗೂರಿನ ಗಯ್ಯಾಳಿಗಳು’ (2016), ಶಶಾಂಕ್ ಸೋಗಾಲ್ ಅವರ ‘ಡೇರ್‌ಡೆವಿಲ್ ಮುಸ್ತಾಫಾ’ (2023). ಇಸವಿ ಹಿಡಿದು ನೋಡಬೇಡಿ. ಮೊದಲು ‘ಮುಸ್ತಾಫಾ’ ನೋಡಿ. ತೇಜಸ್ವಿಯವರ ಓದುಗರೇ ಹಣ ಹೊಂದಿಸಿ ಮಾಡಿದ ಸಿನಿಮಾ ಅದು, ಅಬಚೂರಿನ ನಗು ಅದರಲ್ಲಿ ಸಲೀಸಾಗಿ ಸಿಗುತ್ತದೆ. ಆಮೇಲೆ ‘ಗಯ್ಯಾಳಿಗಳು’.

ಆದರೆ ಮೇಲು ಯಾವುದು ಎಂದರೆ ‘ತಬರನ ಕಥೆ’, ನಮ್ಮಲ್ಲಿ ಎರಡು ಮಾತಿಲ್ಲ. ಕತೆಯನ್ನು ಮೊದಲು ಓದಿಕೊಳ್ಳಿ, ಒಂದು ಗಂಟೆ ಸಾಕು. ಕಾಫಿ ಬೆಳೆಗಾರರಿಂದ ವಸೂಲಾಗದ ತೆರಿಗೆಯ ಬಾಕಿ ಸಣ್ಣ ಸರ್ಕಾರಿ ನೌಕರ ತಬರನ ತಲೆ ಮೇಲೆ ಬೀಳುವುದು, ಅದರಿಂದ ಪಿಂಚಣಿ ನಿಲ್ಲುವುದು, ಅಷ್ಟರಲ್ಲಿ ಹೆಂಡತಿ ಅಪ್ಪಿಯ ಕಾಲಿನ ಗಾಯ ಕೊಳೆಯುತ್ತ ಹೋಗುವುದು, ಈ ಮೂರು ಎಳೆಗಳು ಕತೆಯಲ್ಲಿವೆ. ಕಾಸರವಳ್ಳಿ ಇವನ್ನು ಹೇಗೆ ಒಂದಕ್ಕೊಂದು ಬಿಗಿದಿದ್ದಾರೆ ಎಂಬುದನ್ನು ಗಮನಿಸಿ. ಯಾವ ಅಧಿಕಾರಿಯನ್ನೂ ಅವರು ಖಳನನ್ನಾಗಿ ಮಾಡುವುದಿಲ್ಲ. ಎಲ್ಲರೂ ತಂತಮ್ಮ ಫೈಲಿನ ಕೆಲಸ ಮಾಡುತ್ತಲೇ ಇರುತ್ತಾರೆ, ಅದರಿಂದಲೇ ಎದೆ ಭಾರವಾಗುತ್ತದೆ. ತಬರನಾಗಿ ಚಾರುಹಾಸನ್ ರಾಷ್ಟ್ರಪ್ರಶಸ್ತಿ ಪಡೆದರು, ಸಿನಿಮಾಕ್ಕೆ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ಬಂತು. ಕ್ಯಾಮೆರಾ ಮಧು ಅಂಬಟ್ ಅವರದು.

ಪ್ರಶ್ನೆ: ‘ಕಿರಿಕ್ ಪಾರ್ಟಿ’ ನಮ್ಮ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಲ್ಲಿ ಶೂಟ್ ಆದದ್ದು. ಅದೇ ರಿಷಬ್ ಶೆಟ್ಟಿ ‘ಕಾಂತಾರ’ ಮಾಡಿದರು ಎಂದರೆ ನಂಬಲಾಗುವುದಿಲ್ಲ. ನಡುವೆ ಏನಾಯಿತು?
– ವಿದ್ಯಾರ್ಥಿ, ಹಾಸನ

ನಡುವೆ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ (2018) ಇದೆ. ಮಕ್ಕಳ ಸಿನಿಮಾ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಪಡೆದದ್ದು. ಒಂದು ಊರಿನ ಭಾಷೆ, ಆ ಊರಿನ ಜಗಳ, ದೊಡ್ಡ ಗುಂಪನ್ನು ಒಂದೇ ದೃಶ್ಯದಲ್ಲಿ ನಡೆಸುವ ಕೈ, ಇವೆಲ್ಲ ಅಲ್ಲೇ ಕಾಣುತ್ತವೆ. ‘ಕಿರಿಕ್ ಪಾರ್ಟಿ’ಗೂ ‘ಕಾಂತಾರ’ಕ್ಕೂ ಸಂಗೀತ ಅಜನೀಶ್ ಲೋಕನಾಥ್ ಅವರದೇ. ಎರಡರ ಹಿನ್ನೆಲೆ ಸಂಗೀತವನ್ನಷ್ಟೇ ಒಂದರ ಹಿಂದೆ ಒಂದು ಕೇಳಿ ನೋಡಿ.

ಪ್ರಶ್ನೆ: ಪೋಸ್ಟರ್‌ನಲ್ಲಿ ತಾರೀಕು ಹಾಕುತ್ತಾರೆ, ರಜೆ ಹಾಕಿಕೊಂಡು ಕೂತರೆ ಮುಂದಕ್ಕೆ ಹೋಗಿರುತ್ತದೆ. ಬಿಡುಗಡೆ ಖಚಿತ ಎಂದು ತಿಳಿಯುವುದು ಹೇಗೆ?
– ಓದುಗರು, ಚಿಕ್ಕಮಗಳೂರು

ತಾರೀಕು ಅಚ್ಚಾದದ್ದನ್ನಲ್ಲ, ಕೆಲಸ ಎಲ್ಲಿಗೆ ಬಂದಿದೆ ಎಂಬುದನ್ನು ನೋಡಿ. ಶೂಟಿಂಗ್ ಮುಗಿದ ಮೇಲೆ ಎಡಿಟಿಂಗ್, ಡಬ್ಬಿಂಗ್, ಗ್ರಾಫಿಕ್ಸ್, ಹಿನ್ನೆಲೆ ಸಂಗೀತದ ರೀರೆಕಾರ್ಡಿಂಗ್, ಬಣ್ಣ ಹೊಂದಿಸುವ ಡಿಐ, ಕೊನೆಗೆ ಎಲ್ಲ ಸದ್ದು ಬೆರೆಸುವ ಫೈನಲ್ ಮಿಕ್ಸಿಂಗ್. ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಗ್ರಾಫಿಕ್ಸ್‌ನಲ್ಲಿ. ಶಾಟ್‌ಗಳನ್ನು ಬೇರೆ ಬೇರೆ ಸ್ಟುಡಿಯೋಗಳಿಗೆ ಹಂಚಿರುತ್ತಾರೆ, ಒಂದು ಕಡೆಯಿಂದ ಬರದಿದ್ದರೂ ಆ ಭಾಗದ ಡಿಐ ಮುಗಿಯುವುದಿಲ್ಲ. ಕೊನೆ ಗಳಿಗೆಯಲ್ಲಿ ಎಡಿಟಿಂಗ್ ಬದಲಿಸಿ ಹತ್ತು ಸೆಕೆಂಡು ಕತ್ತರಿಸಿದರೂ ಸಂಗೀತ, ಸದ್ದು ಎರಡನ್ನೂ ಮತ್ತೆ ಕೂಡಿಸಬೇಕು. ‘ಶೂಟಿಂಗ್ ಮುಕ್ತಾಯ, ಕುಂಬಳಕಾಯಿ ಒಡೆದೆವು’ ಎಂಬ ಫೋಟೊ ಬಂದ ಮಾತ್ರಕ್ಕೆ ಸಿನಿಮಾ ಹತ್ತಿರ ಬಂತು ಎಂದುಕೊಳ್ಳಬೇಡಿ. ಗ್ರಾಫಿಕ್ಸ್ ಹೆಚ್ಚಿರುವ ಸಿನಿಮಾಕ್ಕೆ ಅಲ್ಲಿಂದಾಚೆ ಅರ್ಧ ವರ್ಷ ಹಿಡಿದರೂ ಆಶ್ಚರ್ಯವಿಲ್ಲ.

ಗಟ್ಟಿ ಗುರುತು ಎಂದರೆ ಸೆನ್ಸಾರ್. ಮಂಡಳಿಗೆ ಸಿದ್ಧವಾದ ಸಿನಿಮಾವನ್ನೇ ತೋರಿಸಬೇಕು, ಆಮೇಲೆ ಕೂಡಿಸುವುದು ಕಳೆಯುವುದು ಮಾಡಿದರೆ ಮತ್ತೆ ಒಪ್ಪಿಗೆ ಪಡೆಯಬೇಕು. ಹಾಗಾಗಿ ಸರ್ಟಿಫಿಕೇಟ್ ಬಂತು, ಅವಧಿ ಇಷ್ಟು ಗಂಟೆ ಇಷ್ಟು ನಿಮಿಷ ಎಂಬ ಸುದ್ದಿ ಬಂದರೆ ಕೆಲಸ ಮುಗಿದಿದೆ ಎಂದೇ ತಿಳಿಯಿರಿ. ಐದು ಭಾಷೆಯಲ್ಲಿ ಬರುವ ಸಿನಿಮಾಕ್ಕೆ ಪ್ರತಿ ಭಾಷೆಗೂ ಬೇರೆ ಸರ್ಟಿಫಿಕೇಟ್ ಬೇಕು. ಕನ್ನಡದ್ದು ಸಿಕ್ಕಿ ಇನ್ನೊಂದು ಭಾಷೆಯದು ಉಳಿದಿದ್ದರೆ ತಾರೀಕು ಜಾರುವ ಸಾಧ್ಯತೆ ಇದ್ದೇ ಇದೆ.

ಇನ್ನೊಂದು ಗುರುತು ಬುಕಿಂಗ್. ಶುಕ್ರವಾರದ ಸಿನಿಮಾಕ್ಕೆ ಬುಧವಾರ ರಾತ್ರಿಯಾದರೂ ನಿಮ್ಮೂರ ಥಿಯೇಟರಿನ ಹೆಸರು ಕಾಣದಿದ್ದರೆ ನೇರ ಥಿಯೇಟರಿಗೇ ಹೋಗಿ ಕೇಳಿ. ತಾಲ್ಲೂಕು ಕೇಂದ್ರಗಳ ಒಂಟಿ ಪರದೆಯವರು ಕೊನೆಯ ದಿನದವರೆಗೂ ಆನ್‌ಲೈನ್ ತೆರೆಯದೆ ಇರುವುದುಂಟು. ರಜೆ ಹಾಕುವವರು ಹಬ್ಬಕ್ಕೆ ಕಟ್ಟಿದ ತಾರೀಕನ್ನು ಸ್ವಲ್ಪ ಹೆಚ್ಚು ನಂಬಬಹುದು. ‘ಕಾಂತಾರ ಅಧ್ಯಾಯ 1’ ವಿಜಯದಶಮಿಗೆಂದೇ 2025ರ ಅಕ್ಟೋಬರ್ 2ರ ಗುರುವಾರ ಬಂತು. ಅಂಥ ವಾರ ಬಿಟ್ಟರೆ ನಿರ್ಮಾಪಕರಿಗೆ ಅಷ್ಟು ಪರದೆ ಮತ್ತೆ ಸಿಗುವುದು ಕಷ್ಟ.

ಮಕ್ಕಳನ್ನು ಕರೆದೊಯ್ಯುವವರಿಗೆ ಒಂದು ಮಾತು. 2024ರ ನಿಯಮಗಳ ಪ್ರಕಾರ ಯುಎ ಈಗ ಮೂರು ಬಗೆ: 7+, 13+, 16+. ಇದು ತಂದೆ ತಾಯಿಗೆ ಕೊಡುವ ಸೂಚನೆ ಮಾತ್ರ, ಬಾಗಿಲಲ್ಲಿ ತಡೆಯುವುದಿಲ್ಲ. ‘ಎ’ ಇದ್ದರೆ 18 ತುಂಬದವರಿಗೆ ಪ್ರವೇಶವಿಲ್ಲ.

ಪ್ರಶ್ನೆ: ನಮ್ಮ ತಾಲ್ಲೂಕಿನ ಧನಂಜಯ, ಶಿವಣ್ಣ ಇಬ್ಬರೂ ಹೇಮಂತ್ ರಾವ್ ಅವರ ‘666 ಆಪರೇಷನ್ ಡ್ರೀಮ್ ಥಿಯೇಟರ್’ನಲ್ಲಿದ್ದಾರೆ. ಹೇಮಂತ್ ಅವರದು ಮೆಲ್ಲಗೆ ನಡೆಯುವ ಸಿನಿಮಾ. ಈ ಜೋಡಿಗೆ ಹೊಂದುತ್ತದೆಯೇ?
– ಓದುಗರು, ಅರಸೀಕೆರೆ

ಈ ಇಬ್ಬರ ಎದುರುಬದುರು ಆಟ ಸೂರಿಯವರ ‘ಟಗರು’ವಿನಲ್ಲಿ (2018) ನೋಡಿದ್ದೀರಿ. ಅಲ್ಲಿ ಕತೆ ಹಿಂದೆ ಮುಂದೆ ಜಿಗಿಯುತ್ತದೆ, ಧನಂಜಯ ಮಾಡಿದ ಡಾಲಿಯ ಪಾತ್ರ ಮೇಲೇಳುವುದೇ ಆ ಜಿಗಿತದಿಂದ. ಹೇಮಂತ್ ರಾವ್ ಅವರ ದಾರಿ ಬೇರೆ. ಅವರನ್ನು ಅಳೆಯಲು ‘ಕವಲುದಾರಿ’ (2019) ನೋಡಿ, ‘ಸಪ್ತ ಸಾಗರದಾಚೆ ಎಲ್ಲೋ’ ಅಲ್ಲ. ‘ಸಪ್ತ ಸಾಗರ’ ವಿರಹದ ಕತೆ, ಅದಕ್ಕೆ ಆ ನಡಿಗೆಯೇ ಬೇಕಿತ್ತು. ‘ಕವಲುದಾರಿ’ಯಲ್ಲಿ ಟ್ರಾಫಿಕ್ ಪೊಲೀಸೊಬ್ಬ ಹಳೇ ಕೊಲೆಯ ಜಾಡು ಹಿಡಿಯುತ್ತಾನೆ. ಯಾವ ಸುಳಿವನ್ನು ಯಾವಾಗ ಬಿಟ್ಟುಕೊಡಬೇಕು ಎಂಬ ಲೆಕ್ಕ ಅಲ್ಲಿ ಕರಾರುವಾಕ್ಕಾಗಿದೆ, ನಿವೃತ್ತ ಅಧಿಕಾರಿಯಾಗಿ ಅನಂತನಾಗ್ ಅವರಿಗೆ ಸಿಕ್ಕ ಜಾಗವನ್ನೂ ನೋಡಿ. ಹಿರಿಯ ನಟರನ್ನು ಅಭಿಮಾನಿಗಳ ಶಿಳ್ಳೆಗೆ ಬಿಡದೆ ಪಾತ್ರದೊಳಗೆ ಇಳಿಸುವುದು ಈ ನಿರ್ದೇಶಕರಿಗೆ ಬರುತ್ತದೆ. ನಾವು ಕಾಯುತ್ತಿರುವುದು ಅದಕ್ಕಾಗಿಯೇ.

ಪ್ರಶ್ನೆ: ಯಶ್ ಅವರ ‘ಟಾಕ್ಸಿಕ್’ ನೋಡುವ ಮುಂಚೆ ಗೀತು ಮೋಹನ್‌ದಾಸ್ ಅವರ ಯಾವ ಸಿನಿಮಾ ನೋಡಿಕೊಂಡಿರಬೇಕು?
– ಓದುಗರು, ಸಕಲೇಶಪುರ

ಇರುವುದು ಎರಡೇ, ಎರಡನ್ನೂ ನೋಡಿ. ‘ಲಯರ್ಸ್ ಡೈಸ್’ ಹಿಂದಿಯದು. ಹಿಮಾಚಲದ ಹೆಂಗಸೊಬ್ಬಳು ಮಗಳನ್ನು ಕರೆದುಕೊಂಡು ಕಾಣೆಯಾದ ಗಂಡನನ್ನು ಹುಡುಕಿ ದಿಲ್ಲಿಗೆ ಹೊರಡುತ್ತಾಳೆ. ‘ಮೂತ್ತೋನ್’ (2019) ಮಲಯಾಳದ್ದು. ಲಕ್ಷದ್ವೀಪದ ಮಗು ಅಣ್ಣನನ್ನು ಹುಡುಕಿ ಮುಂಬೈಗೆ ಹೋಗುತ್ತದೆ. ಎರಡರಲ್ಲೂ ಹುಡುಕಾಟ, ಎರಡರಲ್ಲೂ ಕ್ಯಾಮೆರಾ ರಾಜೀವ್ ರವಿ ಅವರದು, ‘ಟಾಕ್ಸಿಕ್’ಗೂ ಅವರೇ. ಇದ್ದ ಬೆಳಕಿನಲ್ಲೇ ಮುಖ ಹಿಡಿಯುವವರು. ಕೆಜಿಎಫ್‌ನ ಕಡುಗಪ್ಪು ಧೂಳಿನ ನೋಟಕ್ಕೂ ಇದಕ್ಕೂ ಬಹಳ ದೂರ. ‘ಟಾಕ್ಸಿಕ್’ ಅನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಚಿತ್ರೀಕರಿಸಿದ್ದಾರೆ, ಆದ್ದರಿಂದ ಕನ್ನಡದ ಪ್ರತಿ ಡಬ್ಬಿಂಗ್ ಅಲ್ಲ. ಕನ್ನಡದಲ್ಲೇ ನೋಡಿ.

ಪ್ರಶ್ನೆ: ಮೊದಲ ಷೋಗೆ ಬೆಳಗಿನ ಜಾವವೇ ಹೋದರೆ ‘ಕೀ ಬಂದಿಲ್ಲ’ ಎಂದು ಕಾಯಿಸುತ್ತಾರೆ. ಏನದು ಕೀ?
– ಓದುಗರು, ಬೇಲೂರು

ಈಗ ಥಿಯೇಟರಿಗೆ ರೀಲು ಬರುವುದಿಲ್ಲ, ಬೀಗ ಹಾಕಿದ ಡಿಜಿಟಲ್ ಪ್ರತಿ ಬರುತ್ತದೆ, ಹಾರ್ಡ್‌ಡಿಸ್ಕ್‌ನಲ್ಲೋ ಉಪಗ್ರಹದ ಮೂಲಕವೋ. ಎರಡೂವರೆ ಗಂಟೆಯ ಸಿನಿಮಾ 150ರಿಂದ 250 ಜಿಬಿವರೆಗೂ ಇರಬಹುದು. ಅದನ್ನು ಸರ್ವರಿಗೆ ಮೊದಲೇ ತುಂಬಿಸಿಟ್ಟಿರುತ್ತಾರೆ. ತೆರೆಯುವ ಕೀ ಬೇರೆ ಬರುತ್ತದೆ, ಅದು ಆ ಒಂದು ಸರ್ವರಿಗೆ, ಇಂಥ ದಿನ ಇಂಥ ಗಂಟೆಯಿಂದ ಇಂಥ ಗಂಟೆವರೆಗೆ ಮಾತ್ರ ಕೆಲಸ ಮಾಡುತ್ತದೆ. ತೊಂದರೆ ಆಗುವುದು ಮೂರು ಕಡೆ. ಥಿಯೇಟರಿನವರು ಸರ್ವರ್ ರಿಪೇರಿ ಮಾಡಿಸಿ ಭಾಗ ಬದಲಿಸಿದ್ದರೆ ಹಳೇ ಗುರುತಿಗೆ ಮಾಡಿದ ಕೀ ಹೊಸದಕ್ಕೆ ತೆರೆಯುವುದಿಲ್ಲ. ಷೋ 6 ಗಂಟೆಗೆ ಇಟ್ಟು ಕೀ 9ರಿಂದ ಕೊಟ್ಟಿದ್ದರೂ ತೆರೆಯುವುದಿಲ್ಲ. ನಿರ್ಮಾಪಕರಿಂದ ಕಟ್ಟಬೇಕಾದ ಹಣ ಉಳಿದಿದ್ದರೆ ಕೀಯನ್ನೇ ತಡೆಹಿಡಿಯುತ್ತಾರೆ. ಆಪರೇಟರ್ ಮೇಲೆ ಕೂಗಾಡಿ ಪ್ರಯೋಜನವಿಲ್ಲ, ಅವರ ಕೈಯಲ್ಲಿ ಏನೂ ಇರುವುದಿಲ್ಲ.

ಪ್ರಶ್ನೆ: ಕಾಲೇಜಿನಲ್ಲಿ ಕಾಸರವಳ್ಳಿಯವರ ‘ಘಟಶ್ರಾದ್ಧ’ ತೋರಿಸುವ ಆಸೆ. ಹಿಂದೊಮ್ಮೆ ಬೇರೆ ಸಿನಿಮಾ ಹಾಕಿದಾಗ ಚಿತ್ರ ಮಂಕು, ಮಾತು ಕೇಳಲೇ ಇಲ್ಲ. ಸರಿಯಾಗಿ ಮಾಡುವುದು ಹೇಗೆ?
– ಉಪನ್ಯಾಸಕರು, ಕಡೂರು

ಒಳ್ಳೆಯ ಆಯ್ಕೆ. 1977ರ ಈ ಕಪ್ಪುಬಿಳುಪು ಸಿನಿಮಾವನ್ನು 4ಕೆಯಲ್ಲಿ ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಎಸ್. ರಾಮಚಂದ್ರ ಅವರ ಕ್ಯಾಮೆರಾದಲ್ಲಿ ನೆರಳೇ ಅರ್ಧ ಕತೆ ಹೇಳುತ್ತದೆ. ಆದ್ದರಿಂದ ಕೋಣೆ ಕತ್ತಲಾಗದಿದ್ದರೆ ತೋರಿಸದಿರುವುದೇ ಲೇಸು.

ಮೊದಲು ಅನುಮತಿ. ವಿದ್ಯಾರ್ಥಿಗಳು, ಅಧ್ಯಾಪಕರು, ಪೋಷಕರಷ್ಟೇ ಕೂತು ನೋಡುವ ಕಾಲೇಜಿನ ಕಾರ್ಯಕ್ರಮಕ್ಕೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ರಿಯಾಯಿತಿ ಇದೆ. ಊರಿನವರನ್ನೂ ಕರೆಯುವುದಾದರೆ ಹಕ್ಕುದಾರರಿಂದ ಲಿಖಿತ ಒಪ್ಪಿಗೆ ತನ್ನಿ. ಒಳ್ಳೆಯ ಪ್ರತಿಯನ್ನೂ ಅವರಲ್ಲೇ ಕೇಳಿ. ಯಾರೋ ಅಂತರ್ಜಾಲಕ್ಕೆ ಏರಿಸಿದ ಪ್ರತಿಗಳಲ್ಲಿ ಚೌಕಟ್ಟಿನ ಅಂಚು ಕತ್ತರಿಸಿರುವುದೇ ಹೆಚ್ಚು.

ಪರದೆ 10 ಅಡಿ ಅಗಲವಿರಲಿ, ಕೆಳ ಅಂಚು ನೆಲದಿಂದ 4 ಅಡಿ ಮೇಲೆ, ಇಲ್ಲದಿದ್ದರೆ ಹಿಂದಿನವರಿಗೆ ಮುಂದಿನವರ ತಲೆಯೇ ಕಾಣುವುದು. ಪ್ರೊಜೆಕ್ಟರಿನ ಬೆಳಕು 3,000 ಲುಮೆನ್ಸ್‌ಗೆ ಕಡಿಮೆ ಬೇಡ. ಅದರ ಪುಸ್ತಕದಲ್ಲಿ ಥ್ರೋ ರೇಷಿಯೋ (ಪರದೆಯ ಅಗಲದ ಎಷ್ಟು ಪಟ್ಟು ದೂರ ಎಂಬ ಲೆಕ್ಕ) 1.5 ಎಂದಿದ್ದರೆ ಪರದೆಯಿಂದ 15 ಅಡಿ ದೂರ ಇಡಬೇಕು. ಮುಂದಿನ ಸಾಲು 15 ಅಡಿಗೆ, ಕೊನೆಯ ಸಾಲು 40 ಅಡಿ ಮೀರದಂತೆ. ಕಿಟಕಿಗೆ ಕಪ್ಪು ಬಟ್ಟೆ ಎರಡು ಪದರ ಕಟ್ಟಿ, ಬಾಗಿಲ ಮೇಲಿನ ಗಾಜನ್ನು ಮರೆಯಬೇಡಿ. ಹಳೇ ಸಿನಿಮಾದ ಚೌಕಟ್ಟು ಹೆಚ್ಚು ಅಗಲ ಇರುವುದಿಲ್ಲ. ಪ್ರೊಜೆಕ್ಟರ್ ಅದನ್ನು ಎಳೆದು ಪರದೆ ತುಂಬಿಸಿದರೆ ಎಲ್ಲರ ಮುಖವೂ ಉಬ್ಬುತ್ತದೆ. ಆಸ್ಪೆಕ್ಟ್ ರೇಷಿಯೋವನ್ನು (ಚೌಕಟ್ಟಿನ ಅಗಲ, ಎತ್ತರಗಳ ಅನುಪಾತ) ‘ಮೂಲ’ಕ್ಕೆ ಇಟ್ಟು, ದೃಶ್ಯದಲ್ಲಿ ಯಾವುದಾದರೂ ದುಂಡನೆ ವಸ್ತು ದುಂಡಗೇ ಕಾಣುತ್ತದೆಯೇ ನೋಡಿಕೊಳ್ಳಿ. ಎರಡೂ ಬದಿ ಕಪ್ಪು ಉಳಿದರೆ ಅದು ತಪ್ಪಲ್ಲ.

ಮಾತು ಕೇಳದಿರಲು ಕಾರಣ ಪ್ರೊಜೆಕ್ಟರಿನೊಳಗಿನ ಪುಟ್ಟ ಸ್ಪೀಕರ್. 12 ಇಂಚಿನ ಎರಡು ಪವರ್ಡ್ (ಒಳಗೇ ಆಂಪ್ಲಿಫೈಯರ್ ಇರುವ) ಸ್ಪೀಕರ್‌ಗಳನ್ನು ಪರದೆಯ ಎರಡು ಬದಿಗೆ, ಕೂತವರ ಕಿವಿಗಿಂತ ತುಸು ಮೇಲೆ ಸ್ಟ್ಯಾಂಡ್ ಮೇಲಿಡಿ. ಸಭಾಂಗಣದ ಗೋಡೆಯುದ್ದಕ್ಕೂ ಇರುವ ಭಾಷಣದ ಸ್ಪೀಕರ್‌ಗಳನ್ನು ಬಳಸಬೇಡಿ, ಮಾತೆಲ್ಲ ಒಂದಕ್ಕೊಂದು ತಾಗಿ ಕಲಸಿಹೋಗುತ್ತದೆ. ಗುಂಯ್ ಎಂಬ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ನಿಂತರೆ ಬ್ಯಾಟರಿಯಲ್ಲೇ ಓಡಿಸಿ. ಕಿತ್ತಾಗ ನಿಲ್ಲದಿದ್ದರೆ ತಂತಿ ಬದಲಿಸಿ. ಹಿಂದಿನ ಸಂಜೆ ಪೂರ್ತಿ ಇಪ್ಪತ್ತು ನಿಮಿಷ ಓಡಿಸಿ ಕೊನೆಯ ಸಾಲಲ್ಲಿ ಕೂತು ಕೇಳಿ. ಬಿ.ವಿ. ಕಾರಂತರ ಸಂಗೀತದಲ್ಲಿ ಮೌನಕ್ಕೂ ಜಾಗವಿದೆ, ಫ್ಯಾನಿನ ಸದ್ದು ಅದನ್ನು ತಿಂದುಹಾಕಬಾರದು.

ಪ್ರಶ್ನೆ: ಪುಟ್ಟಣ್ಣ ಕಣಗಾಲ್ ಅವರನ್ನು ಎಲ್ಲಿಂದ ಶುರು ಮಾಡಬೇಕು?
– ಓದುಗರು, ತರೀಕೆರೆ

‘ಬೆಳ್ಳಿಮೋಡ’ (1967), ಆಮೇಲೆ ‘ಗೆಜ್ಜೆಪೂಜೆ’, ‘ಶರಪಂಜರ’. ‘ಬೆಳ್ಳಿಮೋಡ’ ತ್ರಿವೇಣಿಯವರ ಕಾದಂಬರಿ, ಅದರ ಇಂದಿರಾ ಮಲೆನಾಡಿನ ಎಸ್ಟೇಟಿನ ಮಗಳು. ಪಾತ್ರದ ಒಳಗಿನದನ್ನು ಗಿಡ, ಮೋಡ, ಗುಡ್ಡಗಳಿಂದ ಹೇಳಿಸುವ ಪುಟ್ಟಣ್ಣನವರ ರೂಢಿ ಇಲ್ಲಿಂದಲೇ ಹಿಡಿಯುತ್ತದೆ. ‘ನಾಗರಹಾವು’ 2018ರಲ್ಲಿ ಸಿನಿಮಾಸ್ಕೋಪ್ ಮಾಡಿ ಮತ್ತೆ ಬಿಡುಗಡೆಯಾಯಿತು. ಚೌಕಟ್ಟು ಅಗಲ ಮಾಡಿದರೆ ಮೇಲೆ ಕೆಳಗೆ ಕತ್ತರಿ ಬೀಳುವುದರಿಂದ ಹಳೇ ಅಳತೆಯ ಪ್ರತಿ ಸಿಕ್ಕರೆ ಅದನ್ನೇ ನೋಡಿ.

ಪ್ರಶ್ನೆ: ಮಳೆಯಲ್ಲಿ ಕಿರುಚಿತ್ರ ತೆಗೆದೆವು, ಪರದೆ ಮೇಲೆ ಮಳೆಯೇ ಕಾಣುತ್ತಿಲ್ಲ. ನೆಂದದ್ದಷ್ಟೇ ಬಂತು.
– ಯುವಕರ ತಂಡ, ಕೊಪ್ಪ

ಮಳೆಯ ಹನಿ ಕಾಣಬೇಕಾದರೆ ಬೆಳಕು ಹನಿಯ ಹಿಂದಿನಿಂದ ಬರಬೇಕು, ಹಿನ್ನೆಲೆ ಕಪ್ಪಗಿರಬೇಕು. ಬಿಳಿ ಆಕಾಶದ ಎದುರು ಜಡಿಮಳೆಯೂ ಮಾಯ. ನಟರ ಹಿಂದೆ ಅಡಿಕೆ ತೋಟವೋ ಹಂಚಿನ ಮನೆಯ ಕತ್ತಲೆ ಜಗಲಿಯೋ ಬರುವಂತೆ ನಿಲ್ಲಿಸಿ, ಒಂದು ದೀಪವನ್ನು ಹಿಂದೆ ಓರೆಯಾಗಿ ಇಡಿ. ಸೆಕೆಂಡಿಗೆ 25 ಫ್ರೇಮು, ಷಟರ್ 1/50 ಸೆಕೆಂಡು ಇಟ್ಟರೆ ಹನಿ ಗೆರೆಯಾಗಿ ಕಾಣುತ್ತದೆ, ಬಲ್ಬಿನ ಬೆಳಕೂ ಮಿನುಗುವುದಿಲ್ಲ. ಹೊರಗಿನ ಚಳಿಯಿಂದ ಬೆಚ್ಚಗಿನ ಅಡುಗೆಮನೆಗೆ ಬಂದ ಕೂಡಲೇ ಕ್ಯಾಮೆರಾ ಬಿಚ್ಚಬೇಡಿ. ಚೀಲದೊಳಗೇ ಅರ್ಧ ಗಂಟೆ ಬಿಡಿ, ಇಲ್ಲವೆಂದರೆ ಲೆನ್ಸ್‌ಗೆ ಮಂಜು ಕಟ್ಟುತ್ತದೆ. ಮಾತನ್ನು ಆಮೇಲೆ ಡಬ್ ಮಾಡಿ. ಸ್ಥಳದಲ್ಲಿ ಬರೀ ಮಳೆಯ ಸದ್ದನ್ನು ಎರಡು ನಿಮಿಷ ಪ್ರತ್ಯೇಕ ಹಿಡಿದಿಟ್ಟುಕೊಳ್ಳಿ.

ಪ್ರಶ್ನೆ: ಗೊರೂರರ ಕತೆ ಸಿನಿಮಾ ಆಗಿದೆಯೇ?
– ಓದುಗರು, ಅರಕಲಗೂಡು

ಆಗಿದೆ. ಸಿದ್ದಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ (1974). ಕತೆ ನಿಮ್ಮ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರದು, ಚಿತ್ರೀಕರಣ ಚಿಕ್ಕಮಗಳೂರು ಬಳಿಯ ಕಳಸಾಪುರದಲ್ಲಿ. ಲೋಕೇಶ್, ವಿಷ್ಣುವರ್ಧನ್, ಎಂ.ಪಿ. ಶಂಕರ್ ಮೂವರದ್ದೂ ದೊಡ್ಡ ಕೆಲಸ. ಪ್ರವಾಹದ ದೃಶ್ಯವನ್ನು ಮೊಬೈಲಿನಲ್ಲಿ ನೋಡಬೇಡಿ.