ಜಮಖಂಡಿ ಅಣ್ಣಾರ ಟರ್ಬೊ ಕಾರಿಗೆ 20ಡಬ್ಲ್ಯು-50 ಆಯಿಲ್ ಬೇಡ

ನಮಸ್ಕಾರ ಅಣ್ಣಾರ. ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. 2021ರ ಸೆಕೆಂಡ್ ಹ್ಯಾಂಡ್ ಕಾರು, 1.0 ಲೀಟರಿನ ಮೂರು ಸಿಲಿಂಡರ್ ಟರ್ಬೊ ಪೆಟ್ರೋಲ್, ಮ್ಯಾನ್ಯುವಲ್ ಗೇರು. ದಿನಾ ಊರೊಳಗಿಂದ ಸಕ್ಕರೆ ಕಾರ್ಖಾನೆಗೆ ನಾಲ್ಕು ಕಿಲೋಮೀಟರ್, ಆಗಾಗ ವಿಜಯಪುರ, ರಜೆ ಸಿಕ್ಕಾಗ ಚೋರ್ಲಾ ಘಾಟ್ ಮೇಲೆ ಗೋವಾ. ಗ್ಯಾರೇಜಿನವರು "ನಮ್ಮ ಬಿಸಿಲಿಗೆ ತೆಳು ಆಯಿಲ್ ನಡೆಯಲ್ಲ, 20ಡಬ್ಲ್ಯು-50 ಹಾಕೋಣ" ಅಂದಿದ್ದಾರೆ. ಇಲ್ಲಿ ಕಾಮೆಂಟಿನಲ್ಲಿ ಒಬ್ಬರು ಪ್ರತಿ ಸಲ ಐದು ನಿಮಿಷ ಐಡ್ಲಿಂಗ್ (ನಿಂತಲ್ಲೇ ಎಂಜಿನ್ ಓಡಿಸುವುದು) ಬಿಡದಿದ್ದರೆ ಟರ್ಬೊ ಹೋಗುತ್ತದೆ ಎಂದು ಹೆದರಿಸಿದ್ದಾರೆ. ಜೊತೆಗೆ ಸಿಳ್ಳೆ ಸದ್ದು ಬೇರೆ. ನಾನು ವಿಜಯಪುರದಲ್ಲಿ ಇಂಥದ್ದೇ ಎಂಜಿನ್ ಓಡಿಸುತ್ತೇನೆ, ಮನೆ ಮುಂದೆಯೇ ಬಿಚ್ಚಿ ಜೋಡಿಸುವ ಹವ್ಯಾಸ ಇದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆಯಿಲ್. ಟರ್ಬೊ ಬಾಳುವುದೂ ಸಾಯುವುದೂ ಬಹುತೇಕ ಆಯಿಲಿನಿಂದಲೇ. ಎಂಜಿನ್ನಿನಿಂದ ಹೊರಬೀಳುವ ಎಕ್ಸಾಸ್ಟ್ ಗಾಳಿ ಟರ್ಬೊ ಒಳಗಿನ ಒಂದು ಪುಟ್ಟ ಚಕ್ರ ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ ಒಳಗೆ ತಳ್ಳುತ್ತದೆ. ಈ ಸಣ್ಣ ಎಂಜಿನ್‌ಗಳಲ್ಲಿ ಆ ಶಾಫ್ಟ್ ನಿಮಿಷಕ್ಕೆ ಒಂದೂವರೆ, ಎರಡು ಲಕ್ಷ ಸುತ್ತು ತಿರುಗುತ್ತದೆ. ಎಕ್ಸಾಸ್ಟ್ ಕಡೆ 900 ಡಿಗ್ರಿ ಹತ್ತಿರದ ಬಿಸಿ. ಇಷ್ಟು ವೇಗದಲ್ಲಿ ಶಾಫ್ಟಿಗೂ ಬೇರಿಂಗಿಗೂ ನಡುವೆ ಇರುವುದು ಆಯಿಲಿನ ತೆಳು ಪದರ ಮಾತ್ರ. ಆ ಪದರ ತಪ್ಪಿದರೆ ಶಾಫ್ಟ್ ಉಜ್ಜಲು ಶುರುವಾಗುತ್ತದೆ.

ಈಗ ನಿಮ್ಮ ಗ್ಯಾರೇಜಿನವರ ಮಾತಿಗೆ ಬರೋಣ. ಹೊರಗೆ 42 ಡಿಗ್ರಿ ಇದ್ದರೂ ಎಂಜಿನ್ ಒಳಗಿನ ಆಯಿಲ್‌ಗೆ ಅದರಿಂದ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಥರ್ಮೋಸ್ಟಾಟ್, ಫ್ಯಾನ್ ಸೇರಿ ಕೂಲಂಟನ್ನು (ಎಂಜಿನ್ ತಂಪು ಮಾಡುವ ದ್ರವ) ಬೇಸಿಗೆಯಲ್ಲೂ ಚಳಿಯಲ್ಲೂ 90 ಡಿಗ್ರಿ ಆಸುಪಾಸಿನಲ್ಲೇ ಹಿಡಿದಿಡುತ್ತವೆ. 20ಡಬ್ಲ್ಯು-50 ದಪ್ಪ ಆಯಿಲ್. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟರ್ಬೊದ ಸಣ್ಣ ಪೈಪಿಗೆ ತಡವಾಗಿ ತಲುಪುತ್ತದೆ. ವಾಲ್ವ್ ಟೈಮಿಂಗ್ ಬದಲಿಸುವ, ಕರೆಂಟಿನಿಂದ ಆಯಿಲ್ ದಾರಿ ತೆರೆದು ಮುಚ್ಚುವ ಸೊಲೆನಾಯ್ಡ್‌ಗಳ ದಾರಿಗಳೂ ತೆಳು ಆಯಿಲ್‌ಗೆ ಅಂತಲೇ ಮಾಡಿದವು. ಹಳೆಯ ಜೀಪಿಗೆ ಸರಿ ಇದ್ದ ಆಯಿಲ್ ಇದಕ್ಕೆ ಸರಿ ಅಲ್ಲ. ಕಾರಿನ ಮ್ಯಾನ್ಯುವಲ್ ಪುಸ್ತಕದಲ್ಲಿ ಬರೆದ ಗ್ರೇಡ್ (ಆಯಿಲ್ ಎಷ್ಟು ದಪ್ಪ ಅನ್ನುವ ನಂಬರ್) ಮಾತ್ರ ಹಾಕಿ. ಕಾರಿಗೆ ತಕ್ಕಂತೆ ಅದು 0ಡಬ್ಲ್ಯು-20, 5ಡಬ್ಲ್ಯು-30 ಅಥವಾ 5ಡಬ್ಲ್ಯು-40 ಇರಬಹುದು. ಫುಲ್ ಸಿಂಥೆಟಿಕ್ ಆಗಿರಲಿ. ಡಬ್ಬಿ ಮೇಲೆ ಎಪಿಐ ಎಸ್‌ಪಿ ಅಂತ ಗುಣಮಟ್ಟದ ಗುರುತು ಇರಲಿ. 2020ರಲ್ಲಿ ಬಂದ ಈ ದರ್ಜೆಯಲ್ಲಿ ಟರ್ಬೊ ಪೆಟ್ರೋಲ್ ಎಂಜಿನ್ನಿನ ಅಕಾಲ ಸ್ಫೋಟ (ಕಿಡಿಗೆ ಮೊದಲೇ ಹೊತ್ತಿಕೊಳ್ಳುವುದು) ಮತ್ತು ಟೈಮಿಂಗ್ ಚೈನಿನ ಸವೆತ ಎರಡನ್ನೂ ಪರೀಕ್ಷೆ ಮಾಡಿರುತ್ತಾರೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಆದರೆ ಅವರದೇ ಅನುಮೋದನೆ ನಂಬರ್ ಬೇರೆ ಇದೆ, ಅದನ್ನೂ ನೋಡಿ.

ಎಷ್ಟು ಕಿಲೋಮೀಟರಿಗೆ ಬದಲಿಸಬೇಕು? ಪುಸ್ತಕದಲ್ಲಿ 10,000 ಅಥವಾ 15,000, ಇಲ್ಲವೇ ಒಂದು ವರ್ಷ ಅಂತ ಇರುತ್ತದೆ. ಆದರೆ ಬಹಳಷ್ಟು ಪುಸ್ತಕಗಳಲ್ಲಿ ಕಠಿಣ ಬಳಕೆ ಅಂತ ಇನ್ನೊಂದು ಪಟ್ಟಿ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಧೂಳು, ಜಾಸ್ತಿ ಬಿಸಿಲು, ಪದೇ ಪದೇ ಸಣ್ಣ ಓಡಾಟ, ಘಾಟ್ ರಸ್ತೆ. ಇದೆಲ್ಲ ನಮ್ಮ ಭಾಗದ ದಿನಚರಿ ಅಲ್ವಾ? ನಾನಂತೂ ಆ ಪಟ್ಟಿಯೇ ನಮ್ಮದು ಅಂತ ಹಿಡಿದು 5,000ಕ್ಕೆ ಆಯಿಲ್, ಫಿಲ್ಟರ್ ಎರಡೂ ಬದಲಿಸುತ್ತೇನೆ. ನಾಲ್ಕು ಲೀಟರ್ ಆಯಿಲಿನ ದುಡ್ಡಿಗೂ ಒಂದು ಟರ್ಬೊ ದುಡ್ಡಿಗೂ ಹೋಲಿಕೆಯೇ ಇಲ್ಲ.

ನಿಮ್ಮ ನಾಲ್ಕು ಕಿಲೋಮೀಟರ್ ಓಡಾಟ ನನಗೆ ಜಾಸ್ತಿ ಚಿಂತೆ ಹುಟ್ಟಿಸಿದೆ. ಅಷ್ಟರಲ್ಲಿ ಕೂಲಂಟ್ ಬಿಸಿಯಾದರೂ ಆಯಿಲ್ ಪೂರ್ತಿ ಬಿಸಿಯಾಗುವುದಿಲ್ಲ. ಎಂಜಿನ್ ತಣ್ಣಗಿದ್ದಾಗ ಜಾಸ್ತಿ ಪೆಟ್ರೋಲ್ ಚಿಮ್ಮುತ್ತದೆ. ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಗುಂಟ ಇಳಿದು ಆಯಿಲ್ ಸೇರುತ್ತದೆ. ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಚಿಮ್ಮುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಇದು ಇನ್ನೂ ಜಾಸ್ತಿ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಗಟ್ಟಿಯಾಗಿ ಬಂದರೆ, ಆಯಿಲ್ ಮಟ್ಟ ಕಡಿಮೆ ಆಗುವ ಬದಲು ಏರುತ್ತಿದ್ದರೆ, ಕಿಲೋಮೀಟರ್ ಲೆಕ್ಕ ಬಿಟ್ಟು ಆಯಿಲ್ ಬದಲಿಸಿ. ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ಹೈವೇ ಮೇಲೆ ಓಡಿಸಿದರೆ ಸೇರಿದ ಪೆಟ್ರೋಲ್, ನೀರಿನಂಶ ಬಹುಪಾಲು ಆವಿಯಾಗಿ ಹೋಗುತ್ತದೆ. ನಿಮ್ಮ ವಿಜಯಪುರ ಓಡಾಟವೇ ಕಾರಿಗೆ ಔಷಧಿ. ಆಗಾಗ ಬರುವುದನ್ನು ವಾರಕ್ಕೊಮ್ಮೆ ಮಾಡಿ.

ಐಡ್ಲಿಂಗ್ ವಿಷಯ. ಬೆಳಗ್ಗೆ ಐದು ನಿಮಿಷ ನಿಲ್ಲಿಸಿ ಬಿಸಿ ಮಾಡುವುದು ಬೇಡವೇ ಬೇಡ, ಅದರಿಂದ ಆಯಿಲಿಗೆ ಇನ್ನಷ್ಟು ಪೆಟ್ರೋಲ್ ಸೇರುತ್ತದೆ. ಅರ್ಧ ನಿಮಿಷ ಸಾಕು. ಆಮೇಲೆ ಮೆತ್ತಗೆ ಹೊರಡಿ, ಬಿಸಿಯಾಗುವವರೆಗೆ 2,500 ಆರ್‌ಪಿಎಮ್ ದಾಟಿಸಬೇಡಿ. ಊರೊಳಗೆ ಓಡಿಸಿ ಮನೆಗೆ ಬಂದಾಗಲೂ ಕಾಯುವುದು ಬೇಕಿಲ್ಲ. ಕಾಯಬೇಕಾದದ್ದು ಗಾಡಿಯನ್ನು ದಬಾಯಿಸಿ ಓಡಿಸಿದ ಮೇಲೆ. 52ನೇ ಹೈವೇಯಲ್ಲಿ ನೂರರ ಮೇಲೆ ಬಂದು ನೇರವಾಗಿ ಧಾಬಾ ಮುಂದೆ ಕೀ ತಿರುಗಿಸಿದರೆ, ಅಥವಾ ತುಂಬಿದ ಕಾರಿನಲ್ಲಿ ಚೋರ್ಲಾ ಹತ್ತಿ ಮೇಲೆ ಫೋಟೊಗೆ ಅಂತ ತಕ್ಷಣ ಆಫ್ ಮಾಡಿದರೆ, ಆಯಿಲ್ ಪಂಪ್ ನಿಲ್ಲುತ್ತದೆ, ಟರ್ಬೊ ಮಾತ್ರ ಕಾದಿರುತ್ತದೆ. ಬೇರಿಂಗಿನಲ್ಲಿ ನಿಂತ ಆಯಿಲ್ ಅಲ್ಲೇ ಸುಟ್ಟು, ಭಜಿ ಕರಿದ ಬಾಣಲೆ ಅಂಚಿಗೆ ಕಟ್ಟುವ ಕರಿ ಜಿಡ್ಡಿನ ಹಾಗೆ ಗಟ್ಟಿಯಾಗುತ್ತದೆ. ಅದು ಪೈಪಿನ ದಾರಿ ಕಟ್ಟುತ್ತದೆ. ಕೊನೆಯ ಒಂದೆರಡು ಕಿಲೋಮೀಟರ್ ನಿಧಾನ ಬಂದರೆ ಇದಕ್ಕೆ ಅದೇ ಸಾಕು. ಆಗದಿದ್ದರೆ ಒಂದು ನಿಮಿಷ ಐಡ್ಲಿಂಗ್ ಬಿಡಿ. ಈಗಿನ ಬಹಳ ಕಾರುಗಳಲ್ಲಿ ಟರ್ಬೊ ಸುತ್ತ ಕೂಲಂಟ್ ಹರಿಯುತ್ತದೆ. ಕೆಲವದರಲ್ಲಿ ಆಫ್ ಮಾಡಿದ ಮೇಲೂ ಪಂಪ್ ಇಲ್ಲವೇ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತದೆ. ಆ ಸದ್ದಿಗೆ ಗಾಬರಿ ಬೇಡ.

ಓಡಿಸುವ ರೀತಿಯಲ್ಲಿ ಒಂದೇ ಒಂದು ವಿಷಯ ನಿಮಗೆ ಒತ್ತಿ ಹೇಳಬೇಕು. ಕಬ್ಬಿನ ಸೀಸನ್‌ನಲ್ಲಿ ಮುಧೋಳ, ಜಮಖಂಡಿ ರಸ್ತೆಯಲ್ಲಿ ಎರಡು ಟ್ರೇಲರ್ ಎಳೆಯುವ ಟ್ರಾಕ್ಟರ್ ಹಿಂದೆ ಸಿಕ್ಕಿಕೊಳ್ಳುತ್ತೀರಿ. 40ರ ವೇಗ, ಗೇರು ಐದನೆಯದು. ಜಾಗ ಸಿಕ್ಕ ಕೂಡಲೇ ಎಕ್ಸಲರೇಟರ್ ಪೂರ್ತಿ ತುಳಿಯುತ್ತೀರಿ. ಟರ್ಬೊ ಕೆಳಗಿನ ಆರ್‌ಪಿಎಮ್‌ನಲ್ಲೇ ಗಾಳಿ ತುಂಬುವುದರಿಂದ ಕಾರು ಎಳೆಯುತ್ತದೆ, ನಿಜ. ಆದರೆ ಆಗ ಸಿಲಿಂಡರ್ ಒಳಗೆ ಒತ್ತಡ ಬಹಳ. ಆಯಿಲ್, ಪೆಟ್ರೋಲ್ ಬೆರೆತ ಒಂದು ಹನಿ ಪ್ಲಗ್ ಕಿಡಿ ಬರುವ ಮೊದಲೇ ಹೊತ್ತಿಕೊಳ್ಳಬಹುದು. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗ ಈ ಹೊಡೆತ ಬೀಳುತ್ತದೆ. ರಿಂಗ್ ಕೂರುವ ಜಾಗವೇ ಒಡೆದ ಪಿಸ್ಟನ್‌ಗಳಿವೆ. ಹಾಗಾಗಿ ಮೂರನೇ ಗೇರಿಗೆ ಇಳಿಸಿ, ಎರಡು ಸಾವಿರ ದಾಟಿಸಿ, ಆಮೇಲೆ ತುಳಿಯಿರಿ. ಪೆಟ್ರೋಲ್ ಉಳಿಸಲು ದೊಡ್ಡ ಗೇರಿನಲ್ಲಿ ಗುದ್ದಾಡಿಸುವುದು ಈ ಎಂಜಿನ್‌ಗೆ ಒಳ್ಳೆಯದಲ್ಲ.

ಧೂಳು. ನಮ್ಮ ಎರೆ ಮಣ್ಣಿನ ಧೂಳು ಬಹಳ ನಯ. ಏರ್ ಫಿಲ್ಟರನ್ನು ಪ್ರತಿ 5,000ಕ್ಕೆ ತೆಗೆದು ನೋಡಿ, ಪುಸ್ತಕದ ಲೆಕ್ಕಕ್ಕೆ ಕಾಯಬೇಡಿ. ಜೋರು ಗಾಳಿ ಊದಿದರೆ ಕಾಗದ ಹರಿಯುತ್ತದೆ, ಹೊಸದು ಹಾಕುವುದೇ ಲೇಸು. ಫಿಲ್ಟರ್ ಡಬ್ಬಿಯ ಕ್ಲಿಪ್ ಎಲ್ಲ ಸರಿಯಾಗಿ ಕೂತಿವೆಯೇ ನೋಡಿ. ಫಿಲ್ಟರಿಗೂ ಟರ್ಬೊಗೂ ನಡುವಿನ ಹೋಸಿನಲ್ಲಿ ಸಣ್ಣ ಬಿರುಕು ಬಿಟ್ಟರೂ ಧೂಳು ನೇರ ಒಳಗೆ ಹೋಗಿ ಗಾಳಿ ಒತ್ತುವ ಕಂಪ್ರೆಸರ್ ಚಕ್ರದ ರೆಕ್ಕೆ ಸವೆಸುತ್ತದೆ. ಸೀಸನ್ ಮುಗಿದ ಮೇಲೆ ರೇಡಿಯೇಟರ್ ಮುಂದೆ ಬಗ್ಗಿ ನೋಡಿ. ಕಬ್ಬಿನ ರವದಿ, ಹುಳ ಎಲ್ಲ ಸಿಕ್ಕಿರುತ್ತವೆ. ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ, ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ರೇಡಿಯೇಟರಿನ ತೆಳು ರೆಕ್ಕೆ ಮಡಚಿಕೊಳ್ಳುತ್ತವೆ.

ಕೂಲಂಟಿಗೆ ಬೋರ್‌ವೆಲ್ ನೀರು ಸೇರಿಸಬೇಡಿ. ನಮ್ಮ ಗಡಸು ನೀರು ಟರ್ಬೊದ ಸಣ್ಣ ದಾರಿಗಳಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಕಂಪನಿ ಹೇಳಿದ ಕೂಲಂಟನ್ನೇ ಹಾಕಿ.

ಈಗ ನಿಮ್ಮ ಸಿಳ್ಳೆ. ತುಳಿದಾಗ ತೆಳ್ಳಗೆ ಏರಿ, ಬಿಟ್ಟಾಗ ಇಳಿಯುವ ಸಿಳ್ಳೆ ಟರ್ಬೊದ ಸಹಜ ಸದ್ದು. ಇದ್ದಕ್ಕಿದ್ದಂತೆ ಜೋರಾಗಿದ್ದರೆ, ಜೊತೆಗೆ ಎಳೆತ ಕಡಿಮೆ ಆಗಿದ್ದರೆ, ಟರ್ಬೊದಿಂದ, ಒತ್ತಿದ ಗಾಳಿ ತಂಪು ಮಾಡುವ ಇಂಟರ್‌ಕೂಲರ್‌ಗೆ ಹೋಗುವ ಹೋಸ್ ಸಡಿಲ ಆಗಿರಬಹುದು. ಕ್ಲ್ಯಾಂಪ್ ಬಿಗಿ ಮಾಡಿ ನೋಡಿ. ಜೋಡಣೆಯಲ್ಲಿ ತೆಳುವಾಗಿ ಆಯಿಲ್ ಜಿಡ್ಡು ಕಂಡರೆ ಚಿಂತೆ ಇಲ್ಲ. ನೀಲಿ ಹೊಗೆ ಬಂದರೆ ಮೊದಲು ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿ ಹೊರಬಿಡುವ ವಾಲ್ವ್) ನೋಡಿಸಿ, ಅದು ಅಗ್ಗದ ಭಾಗ. ಆಮೇಲೆ ಟರ್ಬೊ. ಎಂಜಿನ್ ತಣ್ಣಗಿದ್ದಾಗ ಗಾಳಿ ಪೈಪ್ ಬಿಚ್ಚಿ ಶಾಫ್ಟನ್ನು ಬೆರಳಿಂದ ಆಡಿಸಿ. ಅಕ್ಕಪಕ್ಕ ಕೂದಲೆಳೆಯಷ್ಟು ಆಡಿದರೆ ಸರಿ. ಹಿಂದೆ ಮುಂದೆ ಆಡುವುದು ಕೈಗೆ ಗೊತ್ತಾದರೆ, ರೆಕ್ಕೆ ಗೋಡೆಗೆ ತಾಗಿದ ಗುರುತಿದ್ದರೆ, ಟರ್ಬೊ ಸವೆದಿದೆ. ಆಗಲೂ ಸುಮ್ನೆ ಹೊಸದು ಹಾಕಿಸಬೇಡಿ. ಹಳೆಯದು ಯಾಕೆ ಹೋಯಿತು ಕೇಳಿ. ಆಯಿಲ್ ಪೈಪ್ ಕಟ್ಟಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಪೈಪ್ ಬದಲಿಸಿ, ಸ್ಟಾರ್ಟ್ ಮಾಡುವ ಮೊದಲು ಟರ್ಬೊ ಒಳಗೆ ಆಯಿಲ್ ಹಾಕಿಸಬೇಕು.

ಘಾಟ್ ಹತ್ತುವಾಗ ಕಾರು ಜರ್ಕ್ ಹೊಡೆದರೆ ಮೊದಲು ಪ್ಲಗ್ ನೋಡಿ. ಟರ್ಬೊ ಎಂಜಿನ್‌ನಲ್ಲಿ ಪ್ಲಗ್ ಗ್ಯಾಪ್ (ಕಿಡಿ ಹಾರುವ ಸಂದು) ಕಡಿಮೆ ಇರುತ್ತದೆ, ಅದು ಸವೆದು ಅಗಲವಾದರೆ ಒತ್ತಡದಲ್ಲಿ ಕಿಡಿ ತಪ್ಪುತ್ತದೆ. ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಓಡಿಸಬೇಡಿ, ಸುಡದ ಪೆಟ್ರೋಲ್ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ.

ಕೆಳಗೆ ಇಬ್ಬರು ಕಾರ್ಬನ್ ಕ್ಲೀನಿಂಗ್ (ವಾಲ್ವ್ ಮೇಲೆ ಕಟ್ಟಿದ ಮಸಿ ತೆಗೆಸುವುದು) ಬಗ್ಗೆ ಕೇಳಿದ್ದಾರೆ. ನೆಕ್ಸಾನ್ 1.2, ಮ್ಯಾಗ್ನೈಟ್, ಕೈಗರ್ ಟರ್ಬೊಗಳಲ್ಲಿ ಪೆಟ್ರೋಲ್ ವಾಲ್ವ್ ಹಿಂದೆಯೇ ಚಿಮ್ಮುವುದರಿಂದ ವಾಲ್ವ್ ತಾನೇ ತೊಳೆದುಕೊಳ್ಳುತ್ತದೆ. ವೆನ್ಯೂ, ಫ್ರಾಂಕ್ಸ್ ಟರ್ಬೊ, ಫೋಕ್ಸ್‌ವ್ಯಾಗನ್ ಸ್ಕೋಡಾದ ಟಿಎಸ್‌ಐಗಳದು ಡೈರೆಕ್ಟ್ ಇಂಜೆಕ್ಷನ್. ಅಲ್ಲಿ ವಾಲ್ವ್ ಮೇಲೆ ಕಾರ್ಬನ್ ಕೂರುತ್ತದೆ, ಟ್ಯಾಂಕಿಗೆ ಹಾಕುವ ಯಾವ ದ್ರವವೂ ಅಲ್ಲಿಗೆ ತಲುಪುವುದಿಲ್ಲ. ಐಡ್ಲಿಂಗ್ ಒರಟಾಗದೆ ಸುಮ್ನೆ ದುಡ್ಡು ಕೊಡಬೇಡಿ. ಹಳೆಯ ಇಕೋಸ್ಪೋರ್ಟ್ 1.0 ಇಕೋಬೂಸ್ಟ್ ಇಟ್ಟುಕೊಂಡವರು ಮಾತ್ರ ಇನ್ನೊಂದು ಗಮನಿಸಿ. ಅದರ ಟೈಮಿಂಗ್ ಬೆಲ್ಟ್ ಆಯಿಲ್ ಒಳಗೇ ಓಡುತ್ತದೆ. ತಪ್ಪು ಆಯಿಲ್ ಹಾಕಿದರೆ ಬೆಲ್ಟ್ ಉದುರಿ ಆಯಿಲ್ ಪಂಪಿನ ಜಾಲರಿ ಕಟ್ಟುತ್ತದೆ.

ಅಣ್ಣಾರ, ಹಳೆಯ ಮಾಲೀಕರ ಸರ್ವಿಸ್ ದಾಖಲೆ ಪೂರ್ತಿ ಸಿಗದಿದ್ದರೆ ಈಗಲೇ ಆಯಿಲ್, ಫಿಲ್ಟರ್ ಬದಲಿಸಿ, 2,000 ಕಿಲೋಮೀಟರಿಗೆ ಮತ್ತೊಮ್ಮೆ ಬದಲಿಸಿ. ಎಂಜಿನ್ ಫ್ಲಶ್ (ಒಳಗಿನ ಕೆಸರು ತೊಳೆಯುವ ದ್ರವ) ಹಾಕಿಸಬೇಡಿ, ಕಿತ್ತ ಕೆಸರು ಟರ್ಬೊ ಪೈಪಿಗೇ ಹೋಗಿ ಕೂರಬಹುದು. ಪೆಟ್ರೋಲ್ ಮುಚ್ಚಳದ ಒಳಗೆ ಇ20 (ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್) ಬಗ್ಗೆ ಏನು ಬರೆದಿದೆ ಓದಿ, ನಿಮ್ಮದು 2023ರ ಏಪ್ರಿಲ್‌ಗಿಂತ ಹಿಂದಿನ ಕಾರು, ಇ20ಗೆ ಅಂತ ಮಾಡಿರದೆ ಇರಬಹುದು. ಮ್ಯಾನ್ಯುವಲ್‌ನ ಆಯಿಲ್ ಪುಟದ ಫೋಟೊ, ಡಿಪ್‌ಸ್ಟಿಕ್ ಫೋಟೊ ಎರಡನ್ನೂ ಇಲ್ಲೇ ಹಾಕಿ. ಗ್ರೇಡ್ ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಗ್ಯಾರೇಜಿನವರಿಗೆ ಡಬ್ಬಿ ಒಡೆಯಬೇಡಿ ಅನ್ನಿ.