ಕೆಲಸ ಕೈಯಲ್ಲಿದೆ ಅಂತ ಓಡಾಟ ನಿಲ್ಲಿಸಬೇಡಿ

ಮನೆ ಇಂಟೀರಿಯರ್ ಕೆಲಸ ಮಾಡುವ ನಮ್ಮವರ ಗುಂಪಿನಲ್ಲಿ ಮೈಸೂರಿನಿಂದ ಬರೆದವರಿಗೆ ಈ ಉತ್ತರ. ಮೂರು ಮನೆ ಒಟ್ಟಿಗೆ ಸಿಕ್ಕಿವೆ, ಅದಕ್ಕೆ ವಾರದ ಬಿಎನ್‌ಐ (ಒಬ್ಬರಿಗೊಬ್ಬರು ಗಿರಾಕಿ ಪರಿಚಯ ಮಾಡಿಸುವ ವ್ಯಾಪಾರಿಗಳ ಕೂಟ) ಮೀಟಿಂಗ್ ಬಿಟ್ಟೆ, ದೀಪಾವಳಿ ಆದ ಮೇಲೆ ನೋಡೋಣ, ಅಲ್ಲಿಯವರೆಗೆ ಯಾರೋ ಮಾರಿದ ಫ್ಲ್ಯಾಟ್ ಓನರ್‌ಗಳ ನಂಬರ್ ಪಟ್ಟಿಗೆ ವಾಟ್ಸಾಪ್ ಕಳಿಸುತ್ತೇನೆ ಅಂದಿದ್ದೀರಿ. ದಯವಿಟ್ಟು ಎರಡೂ ಬೇಡ. ನಾನೂ ಹಿಂದೆ ಇದನ್ನೇ ಮಾಡಿದ್ದೆ. ಹ್ಯಾಂಡೋವರ್ ಮುಗಿದಾಗ ಕಾರ್ಪೆಂಟರ್‌ಗಳಿಗೆ ಕೊಡಲು ಮುಂದಿನ ಸೈಟ್ ಇರಲಿಲ್ಲ, ಅವರು ಬೇರೆಯವರ ಕಡೆ ಹೋದರು. ಒಳ್ಳೆಯ ಟೀಮ್ ಹೋದರೆ ಮತ್ತೆ ಕಟ್ಟುವುದು ಕಷ್ಟ.

ನಮ್ಮ ಕೆಲಸದಲ್ಲಿ ಮೊದಲ ಮಾತಿಗೂ ಅಡ್ವಾನ್ಸಿಗೂ ನಡುವೆ ತಿಂಗಳುಗಳೇ ಹೋಗುತ್ತವೆ. ಈ ವಾರ ಪರಿಚಯ ಆದವರ ಮನೆ ಇನ್ನೂ ಪ್ಲಾಸ್ಟರಿಂಗ್‌ನಲ್ಲಿರುತ್ತದೆ. ಅದು ನಿಮ್ಮ ಈಗಿನ ಮೂರು ಮನೆ ಮುಗಿಯುವ ಹೊತ್ತಿಗೆ ಬರುವ ಕೆಲಸ. ಈಗ ನಿಲ್ಲಿಸಿದರೆ ಖಾಲಿ ಬೀಳುವುದು ಆಗ. ಇನ್ನೊಂದು, ಬಿಎನ್‌ಐನಲ್ಲಿ ಒಂದು ಚಾಪ್ಟರ್‌ಗೆ, ಅಂದರೆ ಒಂದು ಸ್ಥಳೀಯ ಗುಂಪಿಗೆ, ಒಂದು ವೃತ್ತಿಯವರು ಒಬ್ಬರೇ. ನೀವು ಬಿಟ್ಟ ಜಾಗಕ್ಕೆ ಇನ್ನೊಬ್ಬ ಇಂಟೀರಿಯರ್‌ನವರು ಬಂದು ಕೂರುತ್ತಾರೆ, ಆಮೇಲೆ ದೀಪಾವಳಿಗೆ ಹೋದರೆ ಸೀಟ್ ಎಲ್ಲಿರುತ್ತದೆ? ಅಲ್ಲಿ ಮಾತಾಡುವಾಗಲೂ ‘ಕಂಪ್ಲೀಟ್ ಹೋಮ್ ಇಂಟೀರಿಯರ್ ಮಾಡುತ್ತೇವೆ’ ಅನ್ನಬೇಡಿ. ಅದನ್ನು ಕೇಳಿ ಯಾರಿಗೂ ಯಾರ ನೆನಪೂ ಬರುವುದಿಲ್ಲ. ‘ವಿಜಯನಗರ, ಬೋಗಾದಿ ಕಡೆ ಈಗಷ್ಟೇ ಮೋಲ್ಡ್ ಹಾಕಿದ ಮನೆಯವರು ಯಾರಾದರೂ ಗೊತ್ತಾ’ ಅಂತ ಕೇಳಿ. ಥಟ್ ಅಂತ ಒಬ್ಬರ ಹೆಸರು ಬರುತ್ತದೆ.

ನಂಬರ್ ಪಟ್ಟಿ ವಿಷಯ. ಬ್ರಾಡ್‌ಕಾಸ್ಟ್ ಮೆಸೇಜ್ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ಗುರುತೇ ಇಲ್ಲದವರು ಯಾಕೆ ಸೇವ್ ಮಾಡಿರುತ್ತಾರೆ? ಒಬ್ಬೊಬ್ಬರಿಗೇ ಕಳಿಸಿದರೆ ಸ್ಪ್ಯಾಮ್ ಅಂತ ರಿಪೋರ್ಟ್ ಮಾಡುತ್ತಾರೆ, ನಂಬರೇ ಬ್ಯಾನ್ ಆಗಬಹುದು. ಹಳೇ ಗ್ರಾಹಕರೆಲ್ಲ ಇರುವುದು ಅದೇ ನಂಬರಿನಲ್ಲಿ ಅಲ್ವಾ? ಆ ದುಡ್ಡನ್ನು ಪೆಟ್ರೋಲಿಗೆ ಹಾಕಿ.

ನನಗೆ ಜಾಸ್ತಿ ಕೆಲಸ ತಂದಿದ್ದು ಹಳೇ ಮನೆಗಳ ಭೇಟಿ. ದಸರಾಗೆ ಸ್ವಲ್ಪ ಮೊದಲು, ಹಿಂದೆ ಮುಗಿಸಿದ ಪ್ರತಿ ಮನೆಗೂ ಫೋನ್ ಮಾಡಿ ಟೈಮ್ ಕೇಳಿ, ಸ್ಕ್ರೂ ಡ್ರೈವರ್ ಹಿಡಿದುಕೊಂಡು ಹೋಗಿ. ದಿನಾ ತೆಗೆದು ಮುಚ್ಚಿ ಶಟರ್ (ಕಬೋರ್ಡ್ ಬಾಗಿಲು) ಇಳಿದಿರುತ್ತದೆ, ಹಿಂಜ್ ಸಡಿಲ ಆಗಿರುತ್ತದೆ. ಸಾಫ್ಟ್ ಕ್ಲೋಸ್ ಹಿಂಜ್‌ನಲ್ಲಿ ಪಕ್ಕಕ್ಕೆ, ಒಳಗೆ ಹೊರಗೆ, ಮೇಲೆ ಕೆಳಗೆ ಸರಿಸಲು ಸ್ಕ್ರೂ ಇರುತ್ತವೆ, ಒಂದು ಅಡುಗೆಮನೆಗೆ ಅರ್ಧ ಗಂಟೆ ಸಾಕು. ಟ್ಯಾಂಡಮ್ ಡ್ರಾಯರ್ ತೆಗೆದು ಕಸ ಒರೆಸಿ ಹಾಕಿ. ದುಡ್ಡು ತೆಗೆದುಕೊಳ್ಳಬೇಡಿ. ಹೊಸ ಕೆಲಸದ ಮಾತನ್ನೂ ನೀವಾಗಿ ಎತ್ತಬೇಡಿ. ಮೈಸೂರಲ್ಲಿ ದಸರಾ ಅಂದರೆ ನೆಂಟರು ಬಂದೇ ಬರುತ್ತಾರೆ, ಗೊಂಬೆ ನೋಡಲು ಅಕ್ಕಪಕ್ಕದವರೂ ಬರುತ್ತಾರೆ. ‘ಮಾಡಿಕೊಟ್ಟವರು ಈಗಲೂ ಬಂದು ನೋಡಿಕೊಂಡು ಹೋಗುತ್ತಾರೆ’ ಅನ್ನುವ ಮಾತು ಮನೆಯವರ ಬಾಯಿಂದ ಬಂದರೆ ಅದರ ಮುಂದೆ ಯಾವ ಇನ್‌ಸ್ಟಾಗ್ರಾಂ ರೀಲೂ ನಿಲ್ಲುವುದಿಲ್ಲ.

ಆದರೆ ಫ್ರೀ ಅಂದರೆ ಎಲ್ಲಾ ಫ್ರೀ ಅಲ್ಲ. ಶಟರ್ ಅಂಚು ನೀರು ಕುಡಿದು ಊದಿದ್ದರೆ ಸ್ಕ್ರೂ ತಿರುಗಿಸಿ ಪ್ರಯೋಜನ ಇಲ್ಲ. ಒಣಗಿದ ಮೇಲೆ ನೋಡೋಣ ಎಂದು ಹೇಳಿ, ಬದಲಾಯಿಸಬೇಕಾದರೆ ರೇಟ್ ಹೇಳಿ. ತಪ್ಪು ನಿಮ್ಮದಾದರೆ ಮಾತ್ರ ನಿಮ್ಮ ಖರ್ಚು. ಸಿಂಕ್ ಕೆಳಗಿನ ಬಾಕ್ಸಿಗೆ ಐಎಸ್ 710 (ನೀರು ತಡೆಯುವ ಮರೈನ್ ಪ್ಲೈವುಡ್) ಬಿಟ್ಟು ಬೇರೆ ಏನೂ ಹಾಕಬೇಡಿ. ಉಳಿತಾಯ ಮಾಡಬೇಕೆಂದಿದ್ದರೆ ಬೆಡ್‌ರೂಮ್ ಲಾಫ್ಟಲ್ಲಿ ಐಎಸ್ 303 (ಸಾಮಾನ್ಯ ಪ್ಲೈವುಡ್) ಹಾಕಿ. ಹಿಂಜ್ ಅಂದರೆ ನನಗೆ ಹೆಟ್ಟಿಕ್ ಅಥವಾ ಹೆಫಲೆ. ಬಜೆಟ್ ಕಡಿಮೆ ಇದ್ದರೆ ಎಬ್ಕೋ ಕೂಡ ನಡೆಯುತ್ತದೆ. ಹೆಸರಿಲ್ಲದ ಹಿಂಜ್ ಹಾಕಿ ಆಮೇಲೆ ರೆಫರೆನ್ಸ್ ಬರುತ್ತಿಲ್ಲ ಅಂತ ಗುಂಪಿನಲ್ಲಿ ಕೇಳುವವರನ್ನು ನೋಡಿದರೆ ಸಿಟ್ಟು ಬರುತ್ತದೆ.

ಉಳಿದ ಓಡಾಟಕ್ಕೆ ವಾರದಲ್ಲಿ ಒಂದು ಮಧ್ಯಾಹ್ನ ಗೊತ್ತು ಮಾಡಿಕೊಳ್ಳಿ, ಸೈಟ್‌ನಲ್ಲಿ ಏನೇ ಇರಲಿ ಅದನ್ನು ತಪ್ಪಿಸಬೇಡಿ. ಬಿಡಿ ಮನೆಗಳ ಊರಲ್ಲಿ ಮೊದಲು ಹಿಡಿಯಬೇಕಾದವರು ಎಲೆಕ್ಟ್ರಿಷಿಯನ್. ಗೋಡೆ ಕೊರೆಯುವ ಮೊದಲೇ ಟಿವಿ ಯೂನಿಟ್ ಎಲ್ಲಿ, ಚಿಮಣಿ ಪಾಯಿಂಟ್ ಎಲ್ಲಿ, ವಾರ್ಡ್‌ರೋಬ್ ಎಷ್ಟು ಅಗಲ ಅಂತ ಗೊತ್ತಾಗಬೇಕು. ಮನೆಯವರಿಗೆ ಅದು ಗೊತ್ತಿರುವುದಿಲ್ಲ. ಆ ಹೊತ್ತಿಗೆ ನೀವು ಪಾಯಿಂಟ್ ಮಾರ್ಕ್ ಮಾಡಿಕೊಟ್ಟರೆ ಅವರಿಗೂ ಗೋಡೆ ಮತ್ತೆ ಒಡೆಯುವ ಕಷ್ಟ ತಪ್ಪುತ್ತದೆ, ಮುಂದಿನ ಸೈಟಿಗೂ ನಿಮ್ಮನ್ನೇ ಕರೆಯುತ್ತಾರೆ. ಟೈಲ್ಸ್ ಅಂಗಡಿ, ಪ್ಲೈವುಡ್ ಅಂಗಡಿ ಆಮೇಲೆ. ಸುಮ್ನೆ ಕಾರ್ಡ್ ಇಟ್ಟು ಬಂದರೆ ಅದು ಡ್ರಾಯರ್‌ಗೆ ಹೋಗುತ್ತದೆ. ನೀವೂ ಅವರಿಗೆ ಗಿರಾಕಿ ಕಳಿಸಿ, ಬಿಲ್ ಬಾಕಿ ಇಡಬೇಡಿ. ಯಾರನ್ನು ನೋಡಿದಿರಿ, ಯಾರ ಮನೆ ಯಾವ ಹಂತದಲ್ಲಿದೆ, ಮತ್ತೆ ಯಾವಾಗ ಫೋನ್ ಮಾಡಬೇಕು ಅನ್ನುವುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಆ್ಯಪ್ ಬೇಕಿಲ್ಲ.

ಆಷಾಢದಲ್ಲಿ, ಧನುರ್ಮಾಸದಲ್ಲಿ ಗೃಹಪ್ರವೇಶ ಇರುವುದಿಲ್ಲ, ಕೆಲಸ ಮುಗಿಸಿ ಅನ್ನುವ ಒತ್ತಡವೂ ಕಡಿಮೆ. ಆಗ ಓಡಾಟ ಜಾಸ್ತಿ ಮಾಡಿ. ಶ್ರಾವಣಕ್ಕೆ ಮುಹೂರ್ತ ಇಟ್ಟುಕೊಂಡವರು ಅದಕ್ಕೂ ಮೊದಲೇ ಯಾರಿಗೆ ಕೊಡುವುದು ಅಂತ ತೀರ್ಮಾನ ಮಾಡಿರುತ್ತಾರೆ. ಅಪಾರ್ಟ್‌ಮೆಂಟ್ ಕೆಲಸವೇ ಬೇಕು ಅಂದರೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟ್ ನೋಡಿ. ಬಿಲ್ಡರ್‌ಗಳು ಮೂರು ತಿಂಗಳಿಗೊಮ್ಮೆ ಪ್ರಾಜೆಕ್ಟ್ ಎಲ್ಲಿಗೆ ಬಂದಿದೆ ಅಂತ ಅಲ್ಲಿ ಹಾಕಬೇಕು. ಮುಗಿಯುವ ಹಂತದಲ್ಲಿರುವುದನ್ನು ಗುರುತು ಮಾಡಿಕೊಂಡು, ಅಸೋಸಿಯೇಷನ್ ಒಪ್ಪಿಗೆ ತಗೊಂಡು ಭಾನುವಾರ ಸ್ಟಾಲ್ ಹಾಕಿ. ಕೇಳದೆ ಒಳಗೆ ಹೋಗಿ ಬಾಗಿಲು ತಟ್ಟಬೇಡಿ. ಕೊಟೇಶನ್‌ನಲ್ಲಿ 18% ಜಿಎಸ್‌ಟಿ ಮೊದಲೇ ತೋರಿಸಿ, ಕೊನೆಗೆ ಸೇರಿಸಿದರೆ ಪರಿಚಯ ಮಾಡಿಸಿದವರ ಮುಖಕ್ಕೂ ಮಸಿ.

ಆರ್ಕಿಟೆಕ್ಟ್‌ಗಳಿಗೆ ಕಮಿಷನ್ ಕೊಟ್ಟು ಕೆಲಸ ತೆಗೆದುಕೊಳ್ಳಿ ಅಂತ ಗುಂಪಿನಲ್ಲಿ ಒಬ್ಬರು ನಿಮಗೆ ಹೇಳಿದ್ದಾರೆ. ಬೇಡ. ಅವರ 1989ರ ವೃತ್ತಿ ನಿಯಮಗಳ ಪ್ರಕಾರ ಕೆಲಸ ಕೊಡಿಸಲು ಕಮಿಷನ್ ತೆಗೆದುಕೊಳ್ಳುವ ಹಾಗಿಲ್ಲ. ಅವರ ಡ್ರಾಯಿಂಗ್ ಪ್ರಕಾರ ಅಳತೆ ತಪ್ಪದೆ ಮಾಡಿಕೊಡಿ, ಬದಲಾವಣೆ ಇದ್ದರೆ ಮೊದಲು ಅವರಿಗೆ ಫೋನ್ ಮಾಡಿ. ಹಾಗೇ ನೀವು ಗುಂಪಿನಲ್ಲಿ ಹಾಕಿದ ವಿಸಿಟಿಂಗ್ ಕಾರ್ಡಿನ ಫೋಟೋದಲ್ಲಿ ‘ಇಂಟೀರಿಯರ್ ಆರ್ಕಿಟೆಕ್ಟ್’ ಅಂತ ಇದೆ. ನೀವು ಡಿಪ್ಲೊಮಾ ಮಾಡಿದವರು ಅಂತ ನೀವೇ ಬರೆದಿದ್ದೀರಿ. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇಲ್ಲದವರು ಆ ಹೆಸರು ಹಾಕಿಕೊಳ್ಳುವುದು 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ತಪ್ಪು. ಉಳಿದ ಕಾರ್ಡ್ ಯಾರಿಗೂ ಕೊಡಬೇಡಿ, ‘ಇಂಟೀರಿಯರ್ ಡಿಸೈನರ್’ ಅಂತ ಹೊಸದು ಮಾಡಿಸಿ.